ಬೆಲ್ಲವಿಲ್ಲದ ಮಾಲ್ಟಿಗೆ ಸಿಹಿಯೂ ಬಂತು, ಮಂದವೂ ಬಂತು

ಧಾರವಾಡದ ಅಂಗಡಿಗಳಲ್ಲಿ ಈಗ ನನ್ನ ರಾಗಿ-ಗೋಧಿ ಮಾಲ್ಟ್ ಪುಡಿ ಕೆಜಿಗೆ 320 ರೂಪಾಯಿಯಂತೆ ಹೋಗುತ್ತಿದೆ. ಬೆಲ್ಲ, ಸಕ್ಕರೆ, ಹಾಲಿನ ಪುಡಿ ಏನೂ ಇಲ್ಲ. "ಬೆಲ್ಲ ಇಲ್ದ ಯಾರ್ ಕುಡೀತಾರ್ರೀ?" ಅಂದವರೇ ಈಗ ಎರಡನೇ ಪಾಕೀಟು ಒಯ್ಯುತ್ತಿದ್ದಾರೆ.

ಮೊಳಕೆ ಬರಿಸಲು ಕಾಳು ನೆನೆಹಾಕುವುದು, ಅರಿವೆಯಲ್ಲಿ ಕಟ್ಟುವುದು ನಿಮಗೆಲ್ಲ ಗೊತ್ತಿದ್ದದ್ದೇ. ತೊಡಕು ಬೇರೆಯೇ ಇತ್ತು. ರಾಗಿ ಮೊಳೆತಷ್ಟೂ ಸಿಹಿ, ಆದರೆ ಪಿಷ್ಟ ಒಡೆದು ಆ ಸಿಹಿ ಕೊಡುವ ಅಮೈಲೇಸ್ ಎಂಬ ಕಿಣ್ವವೇ ಗಂಜಿಯ ಮಂದ ಕಳೆಯುತ್ತದೆ. ಒಲೆಯ ಮೇಲೆ ಗಟ್ಟಿಯಾಗತೊಡಗಿದ್ದು ಕುದಿ ಬರುವಷ್ಟರಲ್ಲಿ ತೆಳ್ಳಗೆ. ಕೂಸುಗಳಿಗೆ ಅದು ಒಳ್ಳೆಯದು. ದೊಡ್ಡವರು "ನೀರಾಗೇತಿ" ಅಂತ ಲೋಟ ಕೆಳಗಿಟ್ಟರು. ಪುಡಿ ಹೆಚ್ಚು ಹಾಕಿದರೆ ಒಗರು, ಖರ್ಚೂ ಹೆಚ್ಚು.

ಬೇರೆ ಕಾಳು ಹಾಕಿ ನೋಡಿದೆ. ಬಿಳಿಜೋಳ ಗಿಟ್ಟಲಿಲ್ಲ. ಅದರ ಮೊಳಕೆಯಲ್ಲಿ ಸಯನೈಡ್ ಬಿಡುವ ಧುರ್ರಿನ್ ಇರುತ್ತದೆ. ಮೊಳಕೆ, ಬೇರು ಎರಡನ್ನೂ ಒಣಗಿಸಿ ತಿಕ್ಕಿ, ಕೇರಿ ತೆಗೆಯಲೇಬೇಕು. ಆ ಕೂಲಿ ಯಾರು ಕೊಡಬೇಕು? ಹಾವೇರಿ ಕಡೆಯ ಗೋವಿನಜೋಳ ರುಚಿಯಾಗಿತ್ತು, ಆದರೆ ಅದರ ಎಣ್ಣೆಯಂಶದಿಂದ ಮೂರು ವಾರಕ್ಕೇ ಕಮಟು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಸುಮಾರು 40 ಕೆಜಿ ರಾಗಿಗೆ ಬೂಷ್ಟು ಹತ್ತಿ ತಿಪ್ಪೆಗೆ ಹೋಯಿತು, ಹತ್ತಿರಹತ್ತಿರ 2,000 ರೂಪಾಯಿ. ಆಮೇಲೆ ಮಳೆಗಾಲದಲ್ಲಿ ಗದಗದ ಅಕ್ಕನ ಮಾಳಿಗೆಯ ಮೇಲೆಯೇ ಒಣಗಿಸುತ್ತೇನೆ.

ದಾರಿ ಸಿಕ್ಕಿದ್ದು ಬಿಯರಿನವರಿಂದ. ಪೇಲ್ ಏಲ್ ಎಂಬ ಬಗೆಯ ಬಿಯರಿಗೆ ಮಂದ, ಸಿಹಿ ಎರಡೂ ಬೇಕಾದಾಗ ಅವರು ಕ್ರಿಸ್ಟಲ್ ಮಾಲ್ಟ್ ಹಾಕುತ್ತಾರೆ. ಮೊಳೆತ ಬಾರ್ಲಿಯನ್ನು ಒಣಗಿಸದೆ, ತೇವ ಆರದಂತೆ 65–70 ಡಿಗ್ರಿಯಲ್ಲಿ ಇಡುತ್ತಾರೆ. ಪಿಷ್ಟ ಕಾಳಿನೊಳಗೇ ಸಕ್ಕರೆಯಾಗುತ್ತದೆ. ನಂತರ ಹುರಿದರೆ ಕಿಣ್ವ ಸತ್ತು ಸಿಹಿ ಉಳಿಯುತ್ತದೆ. ಅದನ್ನೇ ನಾನು ಗೋಧಿಗೆ ಮಾಡಿದೆ. ರಾಗಿಗೆ ಅಲ್ಲ, ಅದು ಸಣ್ಣ ಕಾಳು, ಬೇಗ ಸೀಯುತ್ತದೆ. ಗೋಧಿಯ ಹಸಿ ಮೊಳಕೆಯನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ತುಂಬಿ, ಬಿಸಿನೀರಿನ ಹಂಡೆಯಲ್ಲಿ ಎರಡು ತಾಸು. ಕಾಳು ಹಿಚುಕಿದರೆ ಸಿಹಿ ರಸ ಬರಬೇಕು. ಬರದಿದ್ದರೆ ಇನ್ನರ್ಧ ತಾಸು ಬಿಡಿ, ಅವಸರ ಬೇಡ. ಆಮೇಲೆ ಕಬ್ಬಿಣದ ಕಡಾಯಿಯಲ್ಲಿ ಸಣ್ಣ ಉರಿ, ಜೇನಿನ ಬಣ್ಣ. ಹುರಿಯುವ ಕೊನೆಗೆ ಮಾಡುವ ಒಂದು ಕೆಲಸವನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹತ್ತು ಪಾಲಿನಲ್ಲಿ ಈ ಗೋಧಿ ಮೂರು, ಮೊಳಕೆ ಕಟ್ಟದೆ ಹುರಿದ ರಾಗಿ ಐದು, ಮೊಳಕೆ ರಾಗಿ ಎರಡು. ಮಂದ ಬರುವುದು ಆ ಐದು ಪಾಲಿನಿಂದ. ಮೊಳಕೆ ರಾಗಿಯನ್ನು ಘಮ್ಮೆನ್ನುವ ತನಕ ಹುರಿದಿರಬೇಕು. ಅರೆಬರೆ ಹುರಿದದ್ದು ಒಂದು ಹಿಡಿ ಬಿದ್ದರೂ ಇಡೀ ಪಾತ್ರೆ ತೆಳ್ಳಗಾಗುತ್ತದೆ.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಿಂದ ತಂದ ರಾಗಿ, ಗೋಧಿ ಕೆಜಿಗೆ 35–45 ರೂಪಾಯಿ. ಮೊಳೆತು ಒಣಗುವಾಗ 10 ಕೆಜಿ ಎಂಟೂವರೆಗೆ ಇಳಿಯುತ್ತದೆ. ಗ್ಯಾಸ್, ಗಿರಣಿ, ಕೂಲಿ, ಪಾಕೀಟು ಸೇರಿ ಕೆಜಿಗೆ 170–180. ಅಂಗಡಿಯವರ ಪಾಲು ಹೋಗಿ 70–80 ಕೈಗೆ ಉಳಿಯುತ್ತದೆ. ಗ್ಯಾಸೇ ದೊಡ್ಡ ಖರ್ಚು; ಹಂಡೆಗೆ ಸೌದೆ ಒಲೆ ಹೂಡಿದ ಮೇಲೆ ಇಷ್ಟಾದರೂ ಉಳಿದಿದೆ.

ಈಗ ಸದಕ ಗೋಧಿಗೆ, ಅಂದರೆ ಸಿಪ್ಪೆ ಗಟ್ಟಿಯಾಗಿ ಅಂಟಿಕೊಂಡಿರುವ ಖಪ್ಲಿ ಗೋಧಿಗೆ, ಕೈ ಹಾಕಿದ್ದೇನೆ. ಸಿಪ್ಪೆ ಬಿಡಿಸುವಾಗ ಮೊಳಕೆಯ ಕಣ್ಣು ಮುರಿದು ಅರ್ಧ ಕಾಳು ಏಳುವುದೇ ಇಲ್ಲ. ಮುಂದಿನ ಸಲ ಸಿಪ್ಪೆಸಮೇತ ನೆನೆಹಾಕುತ್ತೇನೆ.