ಮಲಗಿದರೆ ಜಾಸ್ತಿಯಾಗುವ ಕಾಲುನೋವು

ಸೊಂಟದಿಂದ ಕಾಲಿಗೆ ಇಳಿಯುವ ನೋವಿಗೆ ಎಲ್ಲರೂ ಸಯಾಟಿಕಾ ಅನ್ನುತ್ತಾರೆ. ಹೆಚ್ಚಿನವರಲ್ಲಿ ಕಾರಣ ಜಾರಿದ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ. ಬೆನ್ನಿನ ಆಪರೇಷನ್ ಮಾಡುವ ನಾನೂ ಮೊದಲು ನೋಡುವುದು ಅದನ್ನೇ. ಆದರೆ ರಾತ್ರಿ ಹೇಗಿರುತ್ತದೆ ಎಂದು ಕೇಳದೆ ಯಾರನ್ನೂ ಕಳಿಸುವುದಿಲ್ಲ.

ಐವತ್ತರ ಆಸುಪಾಸಿನ ಒಬ್ಬರು ಹೇಳಿದರು: "ಮಲಗಿದ್ರೇ ಜಾಸ್ತಿ ಡಾಕ್ಟ್ರೇ. ಎದ್ದು ಓಡಾಡಿದ್ರೆ ಸ್ವಲ್ಪ ವಾಸಿ. ಕುರ್ಚೀಲಿ ಕೂತ್ಕೊಂಡೇ ನಿದ್ದೆ ಮಾಡ್ತೀನಿ."

ಡಿಸ್ಕ್ ನೋವು ಸಾಮಾನ್ಯವಾಗಿ ಇದಕ್ಕೆ ಉಲ್ಟಾ. ಕೂತರೆ ಜಾಸ್ತಿ, ಮಲಗಿದರೆ ಕಡಿಮೆ. ಅವರ ಕಾಲನ್ನು ನೆಟ್ಟಗೆ ಮೇಲೆತ್ತಿ ನೋಡಿದೆ, ಡಿಸ್ಕ್ ನೋವಿನಲ್ಲಿ ಸಾಮಾನ್ಯವಾಗಿ ಬರುವ ಸೆಳೆತ ಬರಲಿಲ್ಲ. ತಂದಿದ್ದ ಎಂಆರ್‌ಐನಲ್ಲಿ ಎಲ್4-5 ಡಿಸ್ಕ್, ಅಂದರೆ ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವಿನದು, ಸ್ವಲ್ಪ ಉಬ್ಬಿತ್ತು. ಆ ವಯಸ್ಸಿಗೆ ನೋವೇ ಇಲ್ಲದವರಲ್ಲೂ ಅಷ್ಟು ಉಬ್ಬು ಇರುತ್ತದೆ. ನಾನು ಫಿಲ್ಮಿನ ಮೇಲ್ತುದಿ ನೋಡಿದೆ. ಬೆನ್ನುಹುರಿ ಮುಗಿಯುವುದು ಎಲ್1-2ರ ಹತ್ತಿರ, ಸೊಂಟದ ಮೊದಲೆರಡು ಮೂಳೆಗಳ ಮಟ್ಟದಲ್ಲಿ. ಕಾಲಿನ ನರಗಳು ಅಲ್ಲಿಂದಲೇ ಗೊಂಚಲಾಗಿ ಇಳಿಯುತ್ತವೆ. ಅಷ್ಟು ಮೇಲೆ ಏನಾದರೂ ಒತ್ತಿದರೂ ನೋವು ಬರುವುದು ಕಾಲಿಗೇ, ಅಲ್ವಾ? ಅಂಚಿನಲ್ಲಿ ಏನೋ ದುಂಡಗೆ ಕಂಡಿತು. ಗಡ್ಡೆ ಎದ್ದು ಕಾಣಿಸುವ ಕಾಂಟ್ರಾಸ್ಟ್ ಔಷಧಿ ಕೊಟ್ಟು ಮತ್ತೆ ಸ್ಕ್ಯಾನ್ ಮಾಡಿಸಿದಾಗ ಗಡ್ಡೆ ಬೆಳ್ಳಗೆ ಹೊಳೆಯಿತು.

"ಕ್ಯಾನ್ಸರಾ ಡಾಕ್ಟ್ರೇ?" ಅವರ ಮಗ ಕೇಳಿದ ಮೊದಲ ಮಾತು. ನೋಟಕ್ಕೆ ಶ್ವಾನೋಮಾ ಇದ್ದಂತಿದೆ, ನರದ ಹೊದಿಕೆಯಲ್ಲಿ ನಿಧಾನವಾಗಿ ಬೆಳೆಯುವ ಗಡ್ಡೆ, ಬೇರೆ ಕಡೆ ಹರಡುವ ಜಾತಿಯದ್ದಲ್ಲ ಎಂದೆ. ಹಾಗಂತ ಸುಮ್ನೆ ಬಿಡುವ ಹಾಗೂ ಇರಲಿಲ್ಲ. ಇನ್ನೂ ದೊಡ್ಡದಾದರೆ ಕಾಲಿನ ಬಲ, ಮೂತ್ರದ ಹಿಡಿತ ಎರಡಕ್ಕೂ ಕುತ್ತು.

ಮೈಕ್ರೋಸ್ಕೋಪ್ ಕೆಳಗೆ ಹುರಿಯ ಪೊರೆ ತೆರೆದಾಗ ಶಾವಿಗೆ ಎಳೆಯಂಥ ಬಿಳಿ ನರಗಳು, ನಡುವೆ ಹಳದಿ ಮಿಶ್ರಿತ ನುಣುಪಾದ ಗಡ್ಡೆ. ಎಳೆಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೋದೆ. ಕೊನೆಗೆ ಗಡ್ಡೆ ಒಂದೇ ಎಳೆಗೆ ಅಂಟಿತ್ತು. ಕತ್ತರಿಸುವ ಮುಂಚೆ ಆ ಎಳೆಗೆ ಸಣ್ಣಗೆ ಕರೆಂಟ್ ಕೊಟ್ಟು ಮಾನಿಟರ್ ನೋಡಿದೆವು. ಕಾಲಿನ ಯಾವ ಸ್ನಾಯುವೂ ಮಿಸುಕಲಿಲ್ಲ. ಆಮೇಲೆಯೇ ಕತ್ತರಿ ಹಾಕಿದ್ದು. ಗಡ್ಡೆ ಇಡಿಯಾಗಿ ಬಂತು. ಹುರಿಯ ಸುತ್ತಲಿನ ನೀರು ಸೋರದಂತೆ ಪೊರೆ ಹೊಲಿಯುವುದಕ್ಕೂ ಅಷ್ಟೇ ತಾಳ್ಮೆ ಬೇಕು.

ಬಯಾಪ್ಸಿಯಲ್ಲೂ ಶ್ವಾನೋಮಾ ಎಂದೇ ಬಂತು. ರಾತ್ರಿಯ ನೋವು ಹೋಯಿತು, ಪಾದದ ಅಂಚಿನಲ್ಲಿ ಒಂದಿಷ್ಟು ಜೋಮು ಉಳಿಯಿತು.

ಕಾಲುನೋವು ಬಂದವರೆಲ್ಲ ಸ್ಕ್ಯಾನಿಗೆ ಓಡಬೇಕಿಲ್ಲ. ಆದರೆ ಮಲಗಿದಾಗ ಏರುವ ನೋವನ್ನು ಡಾಕ್ಟರಿಗೆ ಬಿಡಿಸಿ ಹೇಳಿ. ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ ಅವತ್ತೇ ಆಸ್ಪತ್ರೆಗೆ ಹೋಗಿ.