ಎತ್ತರದ ಹ್ಯಾಂಡಲ್ ಹಾಕಸೂ ಮೊದಲ ಕೇಬಲ್ ನೋಡ್ರಿ

ಬೆಳಗಾವಿಯಿಂದ ಚೋರ್ಲಾ ಘಾಟ್ ಹಿಡಿದು ಗೋವಾಕ್ಕ ಬೈಕ್ ಮ್ಯಾಲ ಹೊಂಟೋರು ಎತ್ತರದ ಹ್ಯಾಂಡಲ್ ತರಾಕ ಅಂಗಡಿಗೆ ಓಡೂ ಮೊದಲ ಗಾಡಿ ಡಬಲ್ ಸ್ಟ್ಯಾಂಡ್ ಹಾಕಿ ಕೂತು, ಕಣ್ಣ ಮುಚ್ಚಿ ಕೈ ಚಾಚ್ರಿ. ಮೊಣಕೈ ಸ್ವಲ್ಪ ಬಾಗಿರಬೇಕು, ಮುಷ್ಟಿ ಭುಜಕ್ಕಿಂತ ಕೆಳಗ. ಅಲ್ಲಿಂದ ಈಗಿನ ಗ್ರಿಪ್‌ವರೆಗೆ ಟೇಪ್ ಹಿಡಿದು ಅಳೀರಿ, ಅಷ್ಟ ಏರಿಸಿದ್ರ ಸಾಕು. ಭುಜದ ಮಟ್ಟಕ್ಕ ಏರಿಸಿದ್ರ ನೋಡಾಕ ಚಂದ, ಆದ್ರ ಕೈ ಜೋಮ ಹಿಡಿತಾವ.

ಹ್ಯಾಂಡಲ್ ಹಿಡಿದಿಡೂ ಕ್ಲ್ಯಾಂಪಿನ ಅಳತಿ 22 ಮಿ.ಮೀ. ಐತೋ 28.6 ಐತೋ ನೋಡಿ ತಗೋರಿ. ಕೂಡಿಸಿದ ಮ್ಯಾಲ ನ್ಯೂಟ್ರಲ್‌ನ್ಯಾಗ ಎಂಜಿನ್ ಚಾಲೂ ಇಟ್ಟು ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುವ್ರಿ. ರೇಸ್ ತಾನಾಗೇ ಏರಿತಂದ್ರ ಆಕ್ಸಿಲರೇಟರ್ ಕೇಬಲ್ ಜಗ್ಗಾಕತ್ತೈತಿ. ಬ್ಯಾರೆ ದಾರಿಯಿಂದ ಎಳೀರಿ, ಇಲ್ಲಾ ಉದ್ದಂದು ಹಾಕ್ರಿ. ಮುಂದಿನ ಬ್ರೇಕ್ ಪೈಪ್ ಬಿಗಿದಿತ್ತಂದ್ರ ಮಾತ್ರ ಹಂಗ ಗಾಡಿ ಹೊರಗ ತೆಗೀಬ್ಯಾಡ್ರಿ. ಉದ್ದನ ಪೈಪ್ ಹಾಕಿ ಅದರಾಗಿನ ಏರ್ ತೆಗಸ್ರಿ.