ಹಿಂದಿನ ಸೀಟಿನಲ್ಲಿ ಕೂತು ಬೇಕಲದವರೆಗೆ

ಬೈಕಿನಲ್ಲಿ ಗಂಡ ಹೆಂಡತಿ ಇಬ್ಬರೂ ಹೋಗುವುದಾದರೆ ಆ ದಿನದ ಲೆಕ್ಕಾಚಾರ ಹಿಂದೆ ಕೂತವರ ಕೈಯಲ್ಲಿರಬೇಕು. ಇದು ನಾನು ಹಿಂದಿನ ಸೀಟಿನಲ್ಲಿ ಕೂತೇ ಕಲಿತ ವಿಷಯ. ಓಡಿಸುವವರಿಗೆ ಹ್ಯಾಂಡಲ್ ಇದೆ, ಬ್ರೇಕ್ ಇದೆ, ಮುಂದಿನ ಹೊಂಡ ಕಾಣುತ್ತದೆ. ಹಿಂದೆ ಕೂತವರಿಗೆ ಇದ್ಯಾವುದೂ ಇಲ್ಲ. ಆಯಾಸ ಅವರಿಗೇ ಮೊದಲು. ಅವರು ದಣಿದ ಮೇಲೆ ಎಷ್ಟು ಚೆಂದದ ಕಡಲಾದರೂ ಕಣ್ಣಿಗೆ ಹತ್ತುವುದಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಬೈಕ್ ಇವರದ್ದು, ಸಮಯ ನನ್ನದು.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ. ಕಳೆದ ಡಿಸೆಂಬರಿನಲ್ಲಿ ಒಂದು ದಿನ ಕುಂಬಳೆಗೆ ಇಳಿದು, ಕಾಸರಗೋಡು ದಾಟಿ, ಕಡಲ ಬದಿಯ ದಾರಿಯಲ್ಲಿ ಬೇಕಲ, ಕಾಞಂಗಾಡು ಎಂದು ಹೋಗಿ ರಾತ್ರಿ ಊಟದ ಹೊತ್ತಿಗೆ ಮನೆಗೆ ಬಂದೆವು. ಹೋಗಿ ಬರಲು ನೂರು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ಇಡೀ ದಿನಕ್ಕೆ ಇಷ್ಟೇನಾ ಎಂದು ಕೇಳುವವರಿದ್ದಾರೆ. ನೋಡುವುದಕ್ಕೆ, ನಿಲ್ಲುವುದಕ್ಕೆ, ಊಟದ ಮೇಲೆ ಅರ್ಧ ಗಂಟೆ ಸುಮ್ನೆ ಕೂರುವುದಕ್ಕೆ ಇಷ್ಟು ದೂರವೇ ಸರಿ.

ಕಾಸರಗೋಡಿನಿಂದ ದಕ್ಷಿಣಕ್ಕೆ ಎರಡು ದಾರಿ. ರಾಷ್ಟ್ರೀಯ ಹೆದ್ದಾರಿ 66 ಚೆರ್ಕಳ, ಪೆರಿಯ ಎಂದು ಒಳಗಿನಿಂದ ಹೋಗುತ್ತದೆ. ಅಲ್ಲಿ ಕಡಲು ಕಾಣುವುದಿಲ್ಲ. ಇನ್ನೊಂದು ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಕಳನಾಡು, ಉದುಮ, ಪಳ್ಳಿಕ್ಕರೆ ಮೂಲಕ ಕಾಞಂಗಾಡಿಗೆ ಹೋಗುವ ರಾಜ್ಯ ಹೆದ್ದಾರಿ. ನಮ್ಮಲ್ಲಿ ಎಲ್ಲರೂ ಕೆಎಸ್‌ಟಿಪಿ (ಕೇರಳ ರಾಜ್ಯ ಸಾರಿಗೆ ಯೋಜನೆ) ರಸ್ತೆ ಎನ್ನುವುದು ಇದನ್ನೇ. ಬೈಕಿನವರಿಗೆ ಇದೇ ದಾರಿ.

ಈ ದಾರಿಯಲ್ಲಿ ಒಂದು ಸೂಕ್ಷ್ಮ ಇದೆ. ನಾವು ರಸ್ತೆಯ ಎಡಕ್ಕೆ ಹೋಗುವವರು. ದಕ್ಷಿಣಕ್ಕೆ ಹೋಗುವಾಗ ಕಡಲು ಬಲಕ್ಕಿರುತ್ತದೆ. ಎದುರಿನಿಂದ ಬರುವ ಬಸ್ಸು, ಲಾರಿಗಳ ಆಚೆಗೆ. ಎಲ್ಲಾದರೂ ನಿಲ್ಲಬೇಕೆಂದರೆ ರಸ್ತೆ ಅಡ್ಡ ದಾಟಬೇಕು. ಉತ್ತರಕ್ಕೆ ವಾಪಸ್ ಬರುವಾಗ ಕಡಲು ನಮ್ಮದೇ ಎಡಕ್ಕೆ. ಇಂಡಿಕೇಟರ್ ಹಾಕಿ ಬದಿಗೆ ಸರಿದರೆ ಆಯಿತು. ಹೋಗುವಾಗ ನೇರ ತುದಿಗೆ ಹೋಗಿಬಿಡುವುದು, ಕಡಲನ್ನು ಬರುವಾಗಿನ ದಾರಿಗೆ ಉಳಿಸಿಕೊಳ್ಳುವುದು. ಸಂಜೆಯ ಬಿಸಿಲು, ಸೂರ್ಯಾಸ್ತ ಎಲ್ಲವೂ ಆಗಲೇ ಸಿಗುತ್ತದೆ. ಇಡೀ ದಿನವನ್ನು ನಾನು ಈ ಒಂದು ಲೆಕ್ಕದ ಮೇಲೆ ಹೊಂದಿಸಿದೆ.

ಹಿಂದಿನ ದಿನವೇ ಇವರು ಬೈಕ್ ನೋಡಿಕೊಂಡರು. ನಮ್ಮದು 150 ಸಿಸಿ. ಹಿಂದಿನ ಚಕ್ರಕ್ಕೆ ಒಬ್ಬರಿದ್ದಾಗ 28, ಇಬ್ಬರಿದ್ದಾಗ 32 ಪಿಎಸ್ಐ ಗಾಳಿ ಎಂದು ಬೈಕಿನ ಮೇಲೇ ಬರೆದಿದೆ. ಇದನ್ನು ತುಂಬಾ ಜನ ನೋಡುವುದೇ ಇಲ್ಲ. ಗಾಳಿ ಕಡಿಮೆ ಇದ್ದರೆ ಇಬ್ಬರ ಭಾರಕ್ಕೆ ಟಯರ್ ಬಿಸಿಯಾಗುತ್ತದೆ, ತಿರುವಿನಲ್ಲಿ ಬೈಕ್ ಎಳೆದ ಹಾಗಾಗುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರನ್ನೂ ಒಂದು ಹಂತ ಬಿಗಿ ಮಾಡಿದರು. ಹಂಪಿನ ಮೇಲೆ ನನ್ನ ಬೆನ್ನಿಗೆ ಅದರ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

ನನ್ನ ತಯಾರಿ ಬೇರೆ. ಹತ್ತಿಯ ಚೂಡಿದಾರ, ತುಂಬು ತೋಳು, ಕಾಲಿಗೆ ಶೂ. ಶಾಲನ್ನು ಎರಡೂ ತುದಿ ಹಿಂದಕ್ಕೆ ಕಟ್ಟಿ ಪಿನ್ ಹಾಕಿದೆ. ಹಾರುವ ಶಾಲು ಚಕ್ರಕ್ಕೆ ಸುತ್ತಿಕೊಂಡರೆ ಜೀವಕ್ಕೇ ಅಪಾಯ. ಇದನ್ನು ಪ್ರತಿ ಹೆಣ್ಣುಮಗಳಿಗೂ ಹೇಳಬೇಕು ಅನಿಸುತ್ತದೆ. ಒಂದೇ ಬದಿಗೆ ಕಾಲು ಹಾಕಿ ಕೂರುವುದನ್ನು ನಾನು ಬಿಟ್ಟಿದ್ದೇನೆ. ಎರಡೂ ಕಡೆ ಕಾಲು ಹಾಕಿ ಕೂತರೆ ಭಾರ ನಡುವೆ ನಿಲ್ಲುತ್ತದೆ, ಓಡಿಸುವವರಿಗೂ ಸುಲಭ. ಹತ್ತುವುದು, ಇಳಿಯುವುದು ಎಡದಿಂದಲೇ. ಬಲಕ್ಕೆ ಸೈಲೆನ್ಸರ್ ಇರುತ್ತದೆ, ಮೀನಖಂಡ ಸುಡುತ್ತದೆ. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಇಬ್ಬರ ಹೆಲ್ಮೆಟ್ ಒಳಗಿನಿಂದ ಮಾತು ಕೇಳುವುದಿಲ್ಲವಾದ್ದರಿಂದ ನಮ್ಮದೇ ಸನ್ನೆ ಇದೆ. ಎಡ ಭುಜಕ್ಕೆ ಒಮ್ಮೆ ತಟ್ಟಿದರೆ ನಿಧಾನ. ಎರಡು ಸಲ ತಟ್ಟಿದರೆ ಜಾಗ ನೋಡಿ ನಿಲ್ಲಿಸಿ.

ಬೆಳಿಗ್ಗೆ ಏಳಕ್ಕೆ ಹೊರಟೆವು. ಕುಂಬಳೆಯವರೆಗೆ ತೋಟ, ಗುಡ್ಡೆ, ತಂಪು ಗಾಳಿ. ಅನಂತಪುರಕ್ಕೆ ತಿರುಗುವ ದಾರಿ ಸಿಕ್ಕಿತು. ಕೆರೆಯ ನಡುವೆ ಇರುವ ದೇವಸ್ಥಾನ, ತಿರುವನಂತಪುರದ ಪದ್ಮನಾಭನ ಮೂಲಸ್ಥಾನ ಎಂದು ನಂಬಿಕೆ. ಆ ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ನಮ್ಮ ಕಡೆ ಮನೆಮನೆಯಲ್ಲೂ ಅದೇ ಮಾತಾಗಿತ್ತು. ಹತ್ತಿರದ ಜಾಗ, ಯಾವಾಗ ಬೇಕಾದರೂ ಹೋಗಬಹುದು. ಆವತ್ತು ಕೈಮುಗಿದು ಮುಂದೆ ಹೋದೆವು.

ಕುಂಬಳೆಯಿಂದ ಕಾಸರಗೋಡಿಗೆ ಹೆದ್ದಾರಿಯೇ. ನಾವು ಸರ್ವಿಸ್ ರಸ್ತೆ ಹಿಡಿದೆವು. ಆರು ಪಥದಲ್ಲಿ ಹಾರುವ ಕಾರುಗಳ ಗಾಳಿಗೆ ಬೈಕ್ ಓಲಾಡುವುದು ನನಗೆ ಆಗುವುದಿಲ್ಲ. ಮೊಗ್ರಾಲ್ ಹೊಳೆ ಕಳೆದು ಕೂಡ್ಲು ಬಂತು. 1916ರಲ್ಲಿ ಶುರುವಾದ ತೆಂಗು ಸಂಶೋಧನಾ ಕೇಂದ್ರ ಇಲ್ಲಿದೆ, ಈಗಿನ ಸಿಪಿಸಿಆರ್‌ಐ. ತೋಟದವರಿಗೆ ಗುರುತಿನ ಜಾಗ. ಕಾಸರಗೋಡಿನಲ್ಲಿ ಹಳೇ ಬಸ್ ನಿಲ್ದಾಣದ ಹತ್ತಿರ ಇಡ್ಲಿ, ಚಹಾ ಮುಗಿಸಿ ಚಂದ್ರಗಿರಿ ಕಡೆ ತಿರುಗಿದೆವು.

ಚಂದ್ರಗಿರಿ ಸೇತುವೆಯ ಮೇಲೆ ನಾನು ಯಾವಾಗಲೂ ಎಡ ಭುಜಕ್ಕೆ ಒಮ್ಮೆ ತಟ್ಟುತ್ತೇನೆ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸುಳ್ಯದಲ್ಲಿ ಪಯಸ್ವಿನಿ ಎನಿಸಿಕೊಂಡು ಬಂದ ಹೊಳೆ ಇಲ್ಲಿ ಅಗಲವಾಗಿ ಹರಡಿ, ತಳಂಗರೆಯ ಹತ್ತಿರ ಕಡಲು ಸೇರುತ್ತದೆ. ನಮಗೆ ಇದು ಬರೀ ಹೊಳೆ ಅಲ್ಲ. ತುಳುನಾಡಿನ ತೆಂಕಣ ಗಡಿ ಎಂದು ಹಿರಿಯರು ಹೇಳುತ್ತಿದ್ದುದು ಇದನ್ನೇ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗ ಈ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ವರದಿ ಕೊಟ್ಟಿತು. ಅದು ವರದಿಯಾಗಿಯೇ ಉಳಿಯಿತು. ಸೇತುವೆ ದಾಟಿದ ಮೇಲೆ ಅಂಗಡಿಗಳ ಮೇಲೆ ಕನ್ನಡದ ಬೋರ್ಡ್ ಕಡಿಮೆಯಾಗುತ್ತಾ ಹೋಗುವುದನ್ನು ನಾನು ಪ್ರತಿ ಸಲ ಗಮನಿಸುತ್ತೇನೆ. ಪ್ರತಿ ಸಲವೂ ಮನಸ್ಸಿಗೆ ಒಂಚೂರು ನೋವಾಗುತ್ತದೆ. ಅದರ ಜೊತೆಗೇ ಹೇಳಬೇಕಾದ ಮಾತು ಇನ್ನೊಂದಿದೆ. ಆಚೆ ದಡದ ಜನ ನನ್ನ ಮಲಯಾಳಂ ಕೇಳಿ ಅರ್ಧದಲ್ಲೇ ಕನ್ನಡಕ್ಕೋ ತುಳುವಿಗೋ ತಿರುಗಿ ಉತ್ತರ ಕೊಡುವುದುಂಟು. ಆ ಪ್ರೀತಿ ದೊಡ್ಡದು.

ಬೆಳಿಗ್ಗೆ ನಿಂತದ್ದು ಒಂದೇ ಕಡೆ, ಚಂದ್ರಗಿರಿ ಕೋಟೆ. ಮೇಲ್ಪರಂಬದ ಹತ್ತಿರ ಗುಡ್ಡದ ಮೇಲಿದೆ. ಹದಿನೇಳನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು, ಪೂರಾ ಮುರಕಲ್ಲು. ಬೇಕಲದಷ್ಟು ಜನ ಇಲ್ಲಿಗೆ ಬರುವುದಿಲ್ಲ. ಗೋಡೆಯ ಮೇಲೆ ನಿಂತರೆ ಹೊಳೆ, ತೆಂಗಿನ ತೋಟ, ಅದರಾಚೆ ಕಡಲು ಒಟ್ಟಿಗೆ ಕಾಣುತ್ತವೆ. ಬಿಸಿಲು ಏರುವ ಮೊದಲೇ ನೋಡಬೇಕಾದ ಜಾಗ, ಯಾಕೆಂದರೆ ಒಳಗೆ ನೆರಳು ಕಡಿಮೆ.

ಅಲ್ಲಿಂದ ನೇರ ಕಾಞಂಗಾಡು. ನಡುವೆ ಬೇಕಲ ಸಿಕ್ಕಿದರೂ ನಿಲ್ಲಲಿಲ್ಲ. ಇವರಿಗೆ ಆಸೆ. "ಎಂತ, ಒಳಗೆ ಹೋಗುವುದಾ?" ಎಂದು ತಿರುಗಿ ಕೇಳಿದರು. "ಈಗ ಬೇಡ ಮಾರಾಯ್ರೇ, ಹನ್ನೊಂದರ ಬಿಸಿಲಿಗೆ ಕೋಟೆ ಒಳಗೆ ಕಾಲಿಡಲಿಕ್ಕಾಗುವುದಿಲ್ಲ. ಮೂರೂವರೆಗೆ ಬರುವ" ಎಂದೆ. ಬೇಕಲ ಸುಮಾರು 40 ಎಕರೆಯ ಬಯಲು. ಕಾದ ಮುರಕಲ್ಲು ಕೆಳಗಿನಿಂದಲೂ ಸುಡುತ್ತದೆ. ಅಲ್ಲಿ ಮಧ್ಯಾಹ್ನ ಸುತ್ತಿ ತಲೆನೋವು ತಂದುಕೊಂಡು ಮರದಡಿ ಕೂತವರನ್ನು ತುಂಬಾ ನೋಡಿದ್ದೇನೆ.

ನಡು ಹಗಲನ್ನು ನಾವು ಕೊಟ್ಟದ್ದು ಆನಂದಾಶ್ರಮಕ್ಕೆ. ಕಾಞಂಗಾಡು ಪೇಟೆಯಿಂದ ಪೂರ್ವಕ್ಕೆ, ಮಾವುಂಗಾಲಿನ ಹತ್ತಿರ. ಸ್ವಾಮಿ ರಾಮದಾಸರು ಮತ್ತು ಮಾತಾ ಕೃಷ್ಣಾಬಾಯಿ 1931ರಲ್ಲಿ ಕಟ್ಟಿದ ಆಶ್ರಮ. ಒಳಗೆ ಮರಗಳ ನೆರಳು, ಭಜನೆಯ ಹಾಲಿನಲ್ಲಿ ರಾಮನಾಮ. 'ಓಂ ಶ್ರೀರಾಮ್ ಜಯ ರಾಮ್ ಜಯ ಜಯ ರಾಮ್' ಎಂದು ಹೇಳುವವರ ಜೊತೆ ನಾನೂ ಕೂತೆ. ಕಿವಿಯಲ್ಲಿ ಅಷ್ಟು ಹೊತ್ತು ಉಳಿದಿದ್ದ ಎಂಜಿನ್ ಸದ್ದು ನಿಧಾನಕ್ಕೆ ಇಳಿಯಿತು. ಆಮೇಲೆ ಪೇಟೆಗೆ ಬಂದು ಊಟ. ಕುಚ್ಚಿಲಕ್ಕಿ ಅನ್ನ, ಸಾಂಬಾರು, ಅವಿಯಲ್, ಪಪ್ಪಡ, ಕೊನೆಗೆ ಮಜ್ಜಿಗೆ. ಹಿಂದೆ ಕೂರುವವರು ಹೊಟ್ಟೆ ಬಿರಿಯ ತಿಂದರೆ ಊಟದ ನಂತರದ ಸವಾರಿಯಲ್ಲಿ ನಿದ್ದೆ ತೂಗುತ್ತದೆ. ಇದು ಅಪಾಯದ ವಿಷಯ. ಅದಕ್ಕೇ ಪಾಯಸ ಬೇಡ ಎಂದೆ, ಅರ್ಧ ಗಂಟೆ ಕೂತು ಹೊರಟೆವು.

ಇನ್ನೊಂದು ಮಾತು, ಯಾರೂ ಬರೆಯದೇ ಇರುವುದು. ಹೆಂಗಸರು ಪ್ರಯಾಣದಲ್ಲಿ ನೀರು ಕುಡಿಯದೇ ಇರುವುದಕ್ಕೆ ಕಾರಣ ಶೌಚಾಲಯ. ಸೆಕೆಯ ಕರಾವಳಿಯಲ್ಲಿ ನೀರು ಬಿಟ್ಟರೆ ಸುಸ್ತು, ತಲೆಸುತ್ತು ಬರದೇ ಇರುವುದಿಲ್ಲ. ನಾನು ನಿಲ್ಲುವ ಜಾಗಗಳನ್ನು ಮೊದಲೇ ಗುರುತು ಮಾಡಿಕೊಳ್ಳುತ್ತೇನೆ. ತಿಂಡಿಯ ಹೋಟೆಲು, ಆಶ್ರಮ, ಊಟದ ಹೋಟೆಲು, ಬೇಕಲ. ಇವುಗಳ ನಡುವೆ ಒಂದೂವರೆ ಗಂಟೆಗಿಂತ ಜಾಸ್ತಿ ಅಂತರ ಇರಬಾರದು. ಹೀಗೆ ಹೊಂದಿಸಿದ ಮೇಲೆ ಧೈರ್ಯವಾಗಿ ನೀರು ಕುಡಿದೆ, ಉದುಮದಲ್ಲಿ ಎಳನೀರೂ ಕುಡಿದೆ.

ವಾಪಸ್ ದಾರಿ ಶುರುವಾದ ಮೇಲೆ ನಿಜವಾದ ತಿರುಗಾಟ. ಮಧ್ಯಾಹ್ನದ ಹೊತ್ತಿಗೆ ನೆಲ ಕಡಲಿಗಿಂತ ಬೇಗ ಕಾದು, ಕಡಲ ಕಡೆಯಿಂದ ಗಾಳಿ ಬೀಸತೊಡಗುತ್ತದೆ. ಉತ್ತರಕ್ಕೆ ಬರುವಾಗ ಅದು ಎಡ ಮಗ್ಗುಲಿಗೆ ಹೊಡೆಯುತ್ತದೆ. ಗಿಡಮರ ತೆರವಾದಲ್ಲಿ, ಸೇತುವೆಗಳ ಮೇಲೆ ಬೈಕ್ ಸ್ವಲ್ಪ ತಳ್ಳಿದ ಹಾಗಾಗುತ್ತದೆ. ಆಗ ನಾನು ಮೈ ಗಟ್ಟಿ ಮಾಡುವುದಿಲ್ಲ. ಒಂದು ಕೈ ಹಿಂದಿನ ಹಿಡಿಕೆಗೆ, ಇನ್ನೊಂದು ಇವರ ಸೊಂಟಕ್ಕೆ. ತಿರುವಿನಲ್ಲಿ ಬೈಕ್ ಯಾವ ಕಡೆ ವಾಲುತ್ತದೋ ಆ ಕಡೆಯ ಭುಜದ ಮೇಲಿಂದ ಮುಂದೆ ನೋಡಿದರೆ ಸಾಕು, ಮೈ ತಾನಾಗಿ ಸರಿ ವಾಲುತ್ತದೆ.

ಬೇಕಲ ಕೋಟೆಯೂ ಶಿವಪ್ಪ ನಾಯಕನದ್ದೇ. 1763ರಲ್ಲಿ ಹೈದರಾಲಿಯ ಕೈಗೆ ಹೋಯಿತು, ಆಮೇಲೆ ಟಿಪ್ಪು, ಆಮೇಲೆ ಕಂಪನಿ. ಬಾಗಿಲಲ್ಲೇ ಮುಖ್ಯಪ್ರಾಣ ದೇವರ ಗುಡಿ. ಎಲ್ಲೋ ಮಲೆನಾಡಿನ ಬಿದನೂರಿನಿಂದ ಬಂದವರು ನಮ್ಮ ಕಡಲ ಅಂಚಿಗೆ ಇಷ್ಟು ದೊಡ್ಡದನ್ನು ಕಟ್ಟಿದ್ದಾರೆ ಎನ್ನುವುದು ನನಗೆ ಪ್ರತಿ ಸಲವೂ ಹೆಮ್ಮೆ ತರುತ್ತದೆ. ಕೇರಳದ ಅತಿ ದೊಡ್ಡ ಕೋಟೆ ಇದು. ನಡುವಿನ ವೀಕ್ಷಣಾ ಗೋಪುರಕ್ಕೆ ಮೆಟ್ಟಿಲಿಲ್ಲ, ಅಗಲವಾದ ಇಳಿಜಾರು ದಾರಿ. ಮೊಣಕಾಲು ನೋವಿರುವವರೂ ನಿಧಾನಕ್ಕೆ ಹತ್ತಬಹುದು. ಮೇಲಿಂದ ಪಳ್ಳಿಕ್ಕರೆ, ಕೋಟಿಕುಳಂ, ಉದುಮದ ಕಡೆಯೆಲ್ಲ ಕಾಣುತ್ತದೆ. ಬೆಳಿಗ್ಗೆಯಿಂದ ಬಂದ ದಾರಿಯನ್ನು ನಾವು ಬೆರಳು ತೋರಿಸಿ ಹುಡುಕಿದೆವು. ಕಡಲ ಕಡೆಯ ಬುರುಜಿನ ಹತ್ತಿರ ತುಂಬಾ ಹೊತ್ತು ಕೂತೆವು. ಅಲೆ ಕಲ್ಲಿಗೆ ಬಡಿದಾಗ ನೀರಿನ ಹನಿ ಮುಖಕ್ಕೆ ತಾಗುತ್ತಿತ್ತು. ಇವರು ಮಾತು ಕಡಿಮೆ. ಅಂಥವರೂ ಅಲ್ಲಿ ಕೂತು ಅವರ ಅಪ್ಪ ಮೊದಲ ಸಲ ಕರೆದುಕೊಂಡು ಬಂದದ್ದನ್ನೆಲ್ಲ ಹೇಳಿದರು. ಎಲ್ಲಿಗೋ ಓಡಬೇಕಾದ ಅವಸರ ಇಲ್ಲದ ಕಾರಣ ಇಂಥ ಮಾತು ಬರುತ್ತದೆ ಎಂದು ನನ್ನ ನಂಬಿಕೆ.

ಕೋಟೆಯ ಬಾಗಿಲು ಸೂರ್ಯ ಮುಳುಗುವ ಮೊದಲೇ ಹಾಕುತ್ತಾರೆ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು 6 ಗಂಟೆ 10 ನಿಮಿಷದ ಆಸುಪಾಸು. ನಡುವಿನ ಹೊತ್ತಿಗೆ ತೃಕ್ಕನ್ನಾಡಿಗೆ ಬಂದೆವು. ತ್ರಯಂಬಕೇಶ್ವರ ದೇವಸ್ಥಾನ, ಎದುರಿಗೇ ಕಡಲು. ಮಳೆಗಾಲದಲ್ಲಿ ಇಲ್ಲಿ ಕಡಲ್ಕೊರೆತ ರಸ್ತೆಯ ಸಮೀಪಕ್ಕೆ ಬರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಬೈಕಿನಲ್ಲಿ ಈ ತಿರುಗಾಟ ನಾನು ಯಾರಿಗೂ ಹೇಳುವುದಿಲ್ಲ. ಮರಳಿನ ಮೇಲೆ ಬೈಕ್ ನಿಲ್ಲಿಸುವಾಗ ಸೈಡ್ ಸ್ಟ್ಯಾಂಡಿನ ಅಡಿಗೆ ಒಂದು ಚಪ್ಪಟೆ ಕಲ್ಲು ಇಡಬೇಕು. ಇಲ್ಲದಿದ್ದರೆ ಸ್ಟ್ಯಾಂಡ್ ಮೆಲ್ಲಗೆ ಹುಗಿದು ಬೈಕ್ ಬೀಳುತ್ತದೆ.

ಸೂರ್ಯ ನೀರು ಮುಟ್ಟಿದ ಕೂಡಲೇ ಎದ್ದೆವು. ಕತ್ತಲಾದ ಮೇಲೆ ಎದುರಿನ ಬೆಳಕಿಗೆ ಕಣ್ಣು ಕುಕ್ಕುತ್ತದೆ, ದಣಿದ ಮೈಗೆ ಅದು ಜಾಸ್ತಿ. ಸ್ವಲ್ಪ ಬೆಳಕಿರುವಾಗಲೇ ಚಂದ್ರಗಿರಿ ದಾಟಿ, ವಿದ್ಯಾನಗರದಿಂದ ಸೀತಾಂಗೋಳಿ ದಾರಿ ಹಿಡಿದು ಮನೆ ಸೇರಿದೆವು. ಮರುದಿನ ಬೆಳಿಗ್ಗೆ ಇವರು ಬೈಕನ್ನು ಸಿಹಿನೀರಿನಲ್ಲಿ ತೊಳೆದು, ಚೈನ್ ಒರೆಸಿ ಲೂಬ್ ಹಾಕಿದರು. ಕಡಲ ಬದಿ ಹೋಗಿ ಬಂದ ಮೇಲೆ ಇದನ್ನು ಮುಂದೂಡಬಾರದು. ಉಪ್ಪು ಕೂತರೆ ಚೈನು, ನಟ್ಟು, ಕಡ್ಡಿಗಳಿಗೆ ಬೇಗ ತುಕ್ಕು ಹಿಡಿಯುತ್ತದೆ.

ಅದೇ ದಿನ ಮಂಜೇಶ್ವರವನ್ನೂ ಸೇರಿಸಬಹುದಿತ್ತಲ್ಲ ಎಂದು ನಾದಿನಿ ಕೇಳಿದಳು. ನಾನು ಒಪ್ಪಲಿಲ್ಲ. ರಾಷ್ಟ್ರಕವಿ ಗೋವಿಂದ ಪೈಗಳ ಮನೆ, ಅನಂತೇಶ್ವರ ದೇವಸ್ಥಾನ, ಕಣ್ವತೀರ್ಥದ ಕಡಲು, ಇವಕ್ಕೆ ಬೇರೆಯೇ ಒಂದು ಅರ್ಧ ದಿನ ಬೇಕು. ಅದು ಕುಂಬಳೆಯಿಂದ ಉತ್ತರಕ್ಕೆ. ಅಲ್ಲಿಗೆ ಹೋಗುವಾಗಲೇ ಕಡಲು ಎಡಕ್ಕೆ ಬೀಳುತ್ತದೆ. ಹಾಗಾಗಿ ಮಧ್ಯಾಹ್ನ ಊಟ ಮಾಡಿ ಹೊರಟು, ನಿಲ್ಲುವುದನ್ನೆಲ್ಲ ಹೋಗುತ್ತಲೇ ಮುಗಿಸಿ, ಬರುವಾಗ ಎಲ್ಲೂ ನಿಲ್ಲದೆ ಬರುವುದು ಎಂದು ಇವರಿಗೆ ಹೇಳಿದ್ದೇನೆ.